ಲೈಟ್ ಹೊಂದಿಸಲು ಕೂತ ಭಾವ

ಮನೆಯವರೆಲ್ಲ ಅವನನ್ನು ಹೀರೋ ಎಂದೇ ಕರೆಯುತ್ತಿದ್ದರು. ಅವರು ಹಂಗಿಸುತ್ತಿದ್ದರು, ಅವನು ಬಿರುದು ಎಂದುಕೊಂಡಿದ್ದ. ಹನ್ನೊಂದು ವರ್ಷ ಆಡಿಷನ್ನಿನಿಂದ ಆಡಿಷನ್ನಿಗೆ ಚಪ್ಪಲಿ ಸವೆಸಿ ಅವನು ಗಿಟ್ಟಿಸಿಕೊಂಡದ್ದು ಇಷ್ಟು: ಒಂದು ಧಾರಾವಾಹಿಯಲ್ಲಿ ಲಿಫ್ಟಿನಿಂದ ಇಳಿಯುವವನು, ಇನ್ನೊಂದರಲ್ಲಿ ಲಿಫ್ಟು ಹತ್ತುವವನು, ಹಲ್ಲುನೋವಿನ ಮಾತ್ರೆಯ ಜಾಹೀರಾತಿನಲ್ಲಿ ಒಂದು ಕೆನ್ನೆ. ಸಿಕ್ಕ ನಿರ್ದೇಶಕರೆಲ್ಲ ಮಾತಾಡಿಕೊಂಡವರಂತೆ ಒಂದೇ ಮಾತು ಹೇಳುತ್ತಿದ್ದರು: "ಆ್ಯಕ್ಟಿಂಗ್ ಸ್ವಲ್ಪ ಕಮ್ಮಿ ಮಾಡಿ." ಅವರಿಗೆಲ್ಲ ತನ್ನನ್ನು ಕಂಡರೆ ಹೊಟ್ಟೆಯುರಿ ಎಂದು ಹೀರೋ ತೀರ್ಮಾನಿಸಿದ. ಇನ್ನು ಯಾರ ಬಾಗಿಲೂ ಬೇಡ, ತಾನೇ ಬರೆದು, ತಾನೇ ನಿರ್ದೇಶಿಸಿ, ತಾನೇ ನಟಿಸುವ ಸಿನಿಮಾ ಮಾಡುತ್ತೇನೆ ಎಂದು ಹೊರಟ. ಒಂದೇ ಒಂದು ಸಲ, ಪರದೆ ತುಂಬ ತನ್ನ ಮುಖ ಇರಬೇಕು. ಜನ್ಮಕ್ಕೆ ಅಷ್ಟೇ ಆಸೆ.

ಕಥೆ ಸರಳ. ಒಬ್ಬ ಮನುಷ್ಯ ಕುರ್ಚಿಯಲ್ಲಿ ಕೂತು ಒಂದು ಫೋನಿಗಾಗಿ ಎಂಬತ್ತು ನಿಮಿಷ ಕಾಯುತ್ತಾನೆ. ಫೋನ್ ಬರುವುದಿಲ್ಲ.

"ಆಮೇಲೆ?" ಎಂದು ಕೇಳಿದಳು ಅಕ್ಕ.

"ಆಮೇಲೆ ಏನಿಲ್ಲ. ಅದೇ ಕಲೆ."

"ಅಷ್ಟು ಹೊತ್ತು ಕೂರೋ ಬದಲು ಅವನೇ ಒಂದು ಫೋನ್ ಮಾಡಬಾರದೇನೋ?"

ಕಲೆ ಗೊತ್ತಿಲ್ಲದವರ ಜೊತೆ ಏನು ಮಾತು ಎಂದು ಹೀರೋ ಕಿಟಕಿಯತ್ತ ತಿರುಗಿದ. ಅಕ್ಕನ ಮನೆಯ ಹಾಲ್ ಮಾತ್ರ ಬೇಕಿತ್ತು, ಅಲ್ಲಿ ಬೆಳಗ್ಗೆಯಿಂದ ಮೂರು ಗಂಟೆಯವರೆಗೆ ಕಿಟಕಿಯ ಬೆಳಕು ಚೆನ್ನಾಗಿರುತ್ತಿತ್ತು. ಅಕ್ಕ ಗೊಣಗುತ್ತಲೇ ಸೋಫಾ ಸರಿಸಿಕೊಟ್ಟಳು.

ಶೂಟಿಂಗ್ ಮೂರು ವಾರ ನಡೆಯಿತು. ಪ್ರತಿ ಶಾಟ್‌ಗೂ ಮುಂಚೆ ಹೀರೋ ಪಾತ್ರದೊಳಗೆ ಇಳಿಯಬೇಕಿತ್ತು. ಇಳಿಯಲು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದ. ಒಳಗಿನಿಂದ ನರಳುವ ಸದ್ದು ಕೇಳುತ್ತಿತ್ತು. ಮೊದಲ ದಿನ ಪಕ್ಕದ ಮನೆಯಾಕೆ ಬಂದು ಡಾಕ್ಟರನ್ನು ಕರೆಸಲೇ ಎಂದು ವಿಚಾರಿಸಿ ಹೋದಳು. ಹೀಗೆ ಇಳಿಯಲು ಒಂದು ಗಂಟೆ ಹಿಡಿಯುತ್ತಿತ್ತು. ಅಲ್ಲಿಯವರೆಗೆ ಕ್ಯಾಮೆರಾಮನ್ ಲೈಟು, ಫೋಕಸ್ಸು ಹೊಂದಿಸಿಕೊಳ್ಳಬೇಕಲ್ಲ, ಹೀರೋನ ಜಾಗದಲ್ಲಿ ಯಾರಾದರೂ ಕೂರಬೇಕು. ಅಕ್ಕನ ಗಂಡ ಕೂರುತ್ತಿದ್ದ. ಪ್ರೆಸ್ಸೊಂದರಲ್ಲಿ ಪುಸ್ತಕಗಳಿಗೆ ಬೈಂಡಿಂಗ್ ಮಾಡುವ ಮನುಷ್ಯ, ಇಪ್ಪತ್ತೆರಡು ವರ್ಷದಲ್ಲಿ ಜ್ವರ ಬಂದರೂ ರಜೆ ಹಾಕಿದವನಲ್ಲ. ಅಂಥವನು ಮೂರು ವಾರ ಮನೆಯಲ್ಲೇ ಇದ್ದಾನೆ! ಕೇಳಿದರೆ "ರಜೆ ಇದೆ" ಎಂದಷ್ಟೇ ಹೇಳುತ್ತಿದ್ದ. ಕಲೆಯ ಸೆಳೆತವೆಂದರೆ ಇದು ಎಂದು ಹೀರೋ ಎಲ್ಲರ ಬಳಿ ಕೊಚ್ಚಿಕೊಂಡ. ಕ್ಯಾಮೆರಾಮನ್‌ಗೆ ಒಂದು ಚಾಳಿಯಿತ್ತು: ಲೈಟು ನೋಡುವಾಗಲೂ ಕ್ಯಾಮೆರಾ ಓಡಿಸಿ, ಅದನ್ನು ಹಾಗೇ ಬಿಟ್ಟು ಸಿಗರೇಟು ಸೇದಲು ಹೊರಗೆ ಹೋಗುತ್ತಿದ್ದ.

ಎಡಿಟಿಂಗ್ ಹೀರೋನ ಹೆಂಡತಿಯದು. ಅವಳು ಮದುವೆ ವಿಡಿಯೋಗಳನ್ನು ಎಡಿಟ್ ಮಾಡಿ ಮನೆ ನಡೆಸುತ್ತಿದ್ದವಳು. ಸಾವಿರ ಮುಖಗಳಲ್ಲಿ, ಎದುರಿಗೆ ಕ್ಯಾಮೆರಾ ಇದೆಯೆಂದು ಗೊತ್ತಾದ ಮುಖವನ್ನೆಲ್ಲ ಕಿತ್ತೆಸೆದು, ಗೊತ್ತಾಗದ ಮುಖವನ್ನು ಉಳಿಸಿಕೊಳ್ಳುವುದು ಅವಳ ಕಸುಬು. ಗಂಡನ ಸಿನಿಮಾಕ್ಕೂ ಅದೇ ಕತ್ತರಿ ಹಾಕಿದಳು.

ಶೂಟಿಂಗ್ ಮುಗಿದ ವಾರಕ್ಕೇ ಚಿತ್ರೋತ್ಸವಕ್ಕೆ ಕಳಿಸುವ ಕೊನೆಯ ದಿನ ಬಂತು. ಅವತ್ತು ಮಧ್ಯಾಹ್ನ ಅವಳ ಪುಟ್ಟ ಎಡಿಟಿಂಗ್ ಕೋಣೆಯಲ್ಲಿ ಅಕ್ಕ, ಭಾವ, ಹೀರೋ ಮೂವರೂ ಒತ್ತಿಕೊಂಡು ಕೂತರು. ಸಿನಿಮಾ ಶುರುವಾಯಿತು. ಖಾಲಿ ಕುರ್ಚಿ. ಆಮೇಲೆ ಕುರ್ಚಿಯಲ್ಲಿ ಭಾವ.

"ಇದು ಟೆಸ್ಟ್ ಶಾಟ್ ಕಣೇ. ತಪ್ಪಿ ಬಂದಿದೆ," ಎಂದ ಹೀರೋ.

"ತಪ್ಪಿ ಬಂದಿಲ್ಲ, ನೋಡಿ."

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಭಾವ ಕೂತೇ ಇದ್ದ. ಹೀರೋನ ಕಿವಿ ಕೆಂಪಾಯಿತು.

"ನಾನೆಲ್ಲಿ?"

"ಮೂವತ್ತೊಂದನೇ ನಿಮಿಷದಲ್ಲಿ ನಿಮ್ಮ ಕತ್ತಿನ ಹಿಂಭಾಗ ಬರುತ್ತೆ. ಅದನ್ನ ತುಂಬ ಚೆನ್ನಾಗಿ ಮಾಡಿದೀರಿ."

"ತಮಾಷೆ ಮಾಡ್ತಿದೀಯಾ? ಭಾವ ಆ್ಯಕ್ಟ್ ಮಾಡ್ತಾನೇ ಇಲ್ಲ! ಸುಮ್ನೆ ಕೂತಿದಾರೆ!"

"ಅದಕ್ಕೇ," ಎಂದಳು ಹೆಂಡತಿ. "ನಿಮ್ಮ ಶಾಟ್ ಎಲ್ಲ ಒಂದಲ್ಲ ನಾಲ್ಕು ಸಲ ನೋಡಿದೆ ರೀ. ನೀವು ಫೋನಿಗೆ ಕಾಯ್ತಿಲ್ಲ, ಚಪ್ಪಾಳೆಗೆ ಕಾಯ್ತಿದೀರಿ."

ಹೀರೋ ಎದ್ದು ನಿಂತ. ಈಗಿಂದೀಗಲೇ ತನ್ನ ಶಾಟ್‌ಗಳನ್ನು ಹಾಕಬೇಕು, ಇಲ್ಲದಿದ್ದರೆ ಸಿನಿಮಾ ಹೋಗುವುದೇ ಬೇಡ ಎಂದು ಕೂಗಾಡಿದ. ಅವನ ಕೂಗಾಟವನ್ನು ಅಕ್ಕ ಕಿವಿಗೇ ಹಾಕಿಕೊಳ್ಳಲಿಲ್ಲ. ಪರದೆಯಲ್ಲಿ ಅವಳ ಗಂಡ ಅಂಗಿಯ ಜೇಬಿನಿಂದ ಫೋನ್ ತೆಗೆದು, ನೋಡಿ, ಮತ್ತೆ ಒಳಗಿಟ್ಟು, ಜೇಬಿನ ಮೇಲೆ ಕೈ ಇಟ್ಟುಕೊಂಡು ಕೂತ.

"ರೀ, ಯಾರ ಫೋನಿಗೆ ಕಾಯ್ತಿದ್ರಿ?" ಎಂದು ಅಕ್ಕ ಗಂಡನನ್ನು ಕೇಳಿದಳು.

"ಅಕ್ಕಾ, ಕಥೇನೇ ಅದು," ಎಂದ ಹೀರೋ.

"ನೀನು ಸುಮ್ನಿರೋ. ಈ ಮುಖದ ಜೊತೆ ಇಪ್ಪತ್ತು ವರ್ಷ ಸಂಸಾರ ಮಾಡಿದೀನಿ." ಅವಳು ಗಂಡನ ಕಡೆ ತಿರುಗಿದಳು. "ಯಾರದು?"

ಭಾವ ಬೆರಳಿಗೆ ಅಂಟಿಲ್ಲದ ಗೋಂದನ್ನು ಉಜ್ಜುತ್ತ ಕೂತ. "ಪ್ರೆಸ್ಸಿಂದು. ಹೊಸ ಮಿಷನ್ ಬಂತು, ಬೈಂಡಿಂಗಿನವರನ್ನೆಲ್ಲ ತೆಗೆದ್ರು. ಬೇಕಾದ್ರೆ ಫೋನ್ ಮಾಡ್ತೀವಿ ಅಂದಿದ್ರು."

"ಯಾವಾಗ?"

"ಶೂಟಿಂಗ್ ಶುರುವಾಗೋ ಹಿಂದಿನ ದಿನ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳೋಣ ಅಂತಲೇ ಬೆಳಗ್ಗೆ ಎದ್ದೆ. ಹಾಲ್ ತುಂಬ ಜನ ಇದ್ರು. ಕೂತ್ಕೊಳ್ಳಿ ಅಂದ್ರು, ಕೂತೆ."

ಅಕ್ಕ ಗಂಡನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.

ಹೀರೋಗೆ ನಾಚಿಕೆಯಾಯಿತು. ನಿಜವಾದ ನಾಚಿಕೆ, ಬಚ್ಚಲುಮನೆಯಲ್ಲಿ ತಯಾರಾದದ್ದಲ್ಲ. ಮೂರು ವಾರ ದಿನಕ್ಕೆ ಮೂರ್ನಾಲ್ಕು ಸಲ "ಏಳಿ ಭಾವ, ಇನ್ನು ನಿಜವಾದ ಶಾಟ್" ಎಂದು ಆ ಮನುಷ್ಯನನ್ನು ಕುರ್ಚಿಯಿಂದ ಎಬ್ಬಿಸಿದ್ದ. ಒಂದು ಸಲವೂ ಅವನ ಮುಖ ನೋಡಿರಲಿಲ್ಲ.

"ಭಾವ, ನೀವು ಬೇಡ ಅಂದ್ರೆ ತೆಗೆದುಬಿಡ್ತೀವಿ. ಎಲ್ಲಾನೂ."

"ಇರಲಿ ಬಿಡೋ," ಎಂದ ಭಾವ. "ಪ್ರೆಸ್ಸಿಗೆ ಬೇಡವಾದ ಮುಖ, ಸಿನಿಮಾಕ್ಕಾದ್ರೂ ಆಗಲಿ."

ಹೀರೋ ಕುಸಿದು ಕೂತ. ಹೆಂಡತಿ ಅವನನ್ನೇ ನೋಡುತ್ತಿದ್ದವಳು ತಟ್ಟನೆ ಅವನ ತೋಳು ಹಿಡಿದಳು.

"ಅಲ್ಲಾಡಬೇಡಿ. ಈಗ ನಿಮ್ಮ ಮುಖದಲ್ಲಿದೆಯಲ್ಲ, ಇದು, ಇದನ್ನೇ ರೀ ಆ ನಿರ್ದೇಶಕರೆಲ್ಲ ಇಷ್ಟು ವರ್ಷ ಕೇಳಿದ್ದು. ಇಂಥದ್ದು ಒಂದು ಶಾಟ್ ಸಿಕ್ಕಿದ್ರೂ ಕಣ್ಣಿಗೊತ್ತಿಕೊಂಡು ಹಾಕ್ತಿದ್ದೆ." ಅವಳ ದನಿಯಲ್ಲಿ ಕುಹಕವಿರಲಿಲ್ಲ. ಇನ್ನೊಂದು ಕೈ ಆಗಲೇ ಮೇಜಿನ ಮೇಲಿನ ಕ್ಯಾಮೆರಾ ತಡಕುತ್ತಿತ್ತು.

"ಹೌದಾ? ಯಾವುದು?" ಎಂದು ಹೀರೋ ಸರಕ್ಕನೆ ಪಕ್ಕದಲ್ಲಿ ಆರಿದ್ದ ಇನ್ನೊಂದು ಪರದೆಯತ್ತ ತಿರುಗಿ ತನ್ನ ಮುಖ ನೋಡಿಕೊಂಡ. ಅಷ್ಟರಲ್ಲಿ ಹುಬ್ಬು ಮೇಲೇರಿತ್ತು, ಕೆಳತುಟಿ ನಡುಗಲು ಹೊರಟಿತ್ತು. ಅದೇ ಭಂಗಿಯಲ್ಲಿ ಇತ್ತ ತಿರುಗಿ, "ಇದಾ?" ಎಂದ.

ಅಕ್ಕ, ಭಾವ ಇಬ್ಬರೂ ನೆಲ ನೋಡಿದರು.

"ಹೋಯ್ತು," ಎಂದಳು ಹೆಂಡತಿ. ಕ್ಯಾಮೆರಾ ಬಿಟ್ಟು, ಸಿನಿಮಾವನ್ನು ಇದ್ದ ಹಾಗೇ ಕಳಿಸಿದಳು.