ಕದ್ದ ಸಾಫ್ಟ್‌ವೇರ್ ನುಂಗಿದ ಹಾಡು

ನಮ್ಮ ದ್ವೀಪನಾಡಿನ ನಸಿನು ಪಟ್ಟಣದಲ್ಲಿ ಮದುವೆಯಾಗಲಿ, ಸಾವಾಗಲಿ, ಹಾಡು ರೆಕಾರ್ಡ್ ಮಾಡೋಕೆ ಜನ ವೈಸೆಯಾನನ್ನೇ ಕರೆಯುತ್ತಾರೆ. ಮನೆ ಹಿಂದಿನ ತಗಡಿನ ಕೋಣೆಯೇ ಅವನ ಸ್ಟುಡಿಯೊ. ಮಳೆ ಬಂದರೆ ತಗಡಿನ ಸದ್ದಿಗೆ ಕೆಲಸ ಬಂದ್. ಆದರೂ ಚರ್ಚಿನ ಹಾಡುಗಾರರಿಗೆಲ್ಲ ಅವನ ಕೈಯೇ ಬೇಕು.

ಆ ಕೋಣೆಯ ಕಂಪ್ಯೂಟರಿನಲ್ಲಿ ಹಾಡು ತಿದ್ದುವ ಸಾಫ್ಟ್‌ವೇರ್ ಇತ್ತಲ್ಲ, ಅದು ಮಾತ್ರ ದುಡ್ಡು ಕೊಟ್ಟು ತಂದದ್ದಲ್ಲ. ಮಾರ್ಕೆಟ್ ಹತ್ತಿರ ಒಬ್ಬ ಪೆನ್‌ಡ್ರೈವಿಗೆ ಹಾಕಿಕೊಟ್ಟ ಕಳ್ಳ ಪ್ರತಿ. ಇದನ್ನು ಹಾಕುವಾಗ ವೈರಸ್ ತಡೆಯುವ ಕಾವಲನ್ನು ನಿಲ್ಲಿಸಿಬಿಡು ಅಂತ ಅವನೇ ಹೇಳಿದ್ದ. ವೈಸೆಯಾ ನಿಲ್ಲಿಸಿದ. ಮನೆಗೆ ಕಳ್ಳನನ್ನು ಕರೆದುಕೊಳ್ಳೋಕೆ ನಾಯಿಯನ್ನು ಕಟ್ಟಿಹಾಕಿದ ಹಾಗೆ.

ಅವನ ಅತ್ತೆ ಮಗಳು ವಿಲಿಮೈನಾ ರಾಜಧಾನಿ ಸುವಾದ ರೇಡಿಯೊ ಕೇಂದ್ರದಲ್ಲಿ ಧ್ವನಿ ಜೋಡಿಸುವವಳು. ಇಬ್ಬರಿಗೂ ಒಂದೇ ವಯಸ್ಸು. ನಮ್ಮಲ್ಲಿ ಆ ವರಸೆಯವರು ಕಾಲೆಳೆಯದೆ ಮಾತಾಡಿದರೆ ಮೈ ಹುಷಾರಿಲ್ಲ ಅಂತಲೇ ಅರ್ಥ. ಒಂದು ಭಾನುವಾರ ಮರಗೆಣಸು, ಮೀನು ಊಟವಾಗಿ ಎಲ್ಲರೂ ಯಂಗೋನ ಬೇರು ಕುಟ್ಟಿ ಕದಡಿದ ಪಾನೀಯ ಕುಡಿಯುತ್ತ ಕೂತಿದ್ದಾಗ ಅವಳು ಮಾತು ತೆಗೆದಳು.

"ಭಾವ, ನಿನ್ನ ಕಂಪ್ಯೂಟರು ಬೀದೀಲಿ ಸಿಕ್ಕಿದ ಕೋಳಿ ಇದ್ದ ಹಾಗೆ. ಗೂಡಿಗೆ ಯಾವ ರೋಗ ತಂದಿದೆಯೋ."

"ಸಂಬಳದವಳು ನೀನು, ಮಾತಾಡ್ತೀಯ. ಸಿಡ್ನಿಯಲ್ಲಿ ದೊಡ್ಡ ಸ್ಟುಡಿಯೊ ಇಟ್ಟವನಿಗೆ ಯಾವ ಬೆಲೆಯೋ ಈ ತಗಡಿನ ಕೋಣೆಯವನಿಗೂ ಅದೇ ಬೆಲೆ. ತಿಂಗಳು ತಿಂಗಳೂ ಕಟ್ಟಬೇಕು. ಇದು ನ್ಯಾಯವಾ?"

"ಅಲ್ಲ," ಅಂದಳು ವಿಲಿಮೈನಾ.

ಅವಳು ಒಪ್ಪುತ್ತಾಳೆ ಅಂತ ವೈಸೆಯಾ ಅಂದುಕೊಂಡಿರಲಿಲ್ಲ. ಅವಳು ಮುಂದುವರಿಸಿದಳು: "ಬೆಲೆ ಅನ್ಯಾಯವೇ. ಹಾಗಂತ ಜಗಳ ಆಡು, ಬೇಡ ಅನ್ನು, ಬೇರೆದು ಹುಡುಕು. ಕದಿಯೋದು ಯಾಕೆ? ನೀನು ರೆಕಾರ್ಡ್ ಮಾಡಿದ ಚರ್ಚಿನ ಹಾಡುಗಳನ್ನ ಬಸ್ ಸ್ಟ್ಯಾಂಡಲ್ಲಿ ನಕಲು ಮಾಡಿ ಮಾರಿದವನಿಗೆ ಏನಂದಿದ್ದೆ, ನೆನಪಿದೆಯಾ?"

ಕಳ್ಳ ಅಂದಿದ್ದ. ಅಂಗಿ ಹರಿಯುವಷ್ಟು ಜಗಳವಾಗಿತ್ತು. "ಅದು ಬೇರೆ," ಅಂದ ವೈಸೆಯಾ. ಸಾಫ್ಟ್‌ವೇರ್ ಮಾಡೋರು ದೊಡ್ಡ ಕುಳಗಳು, ನನ್ನಂಥವನೊಬ್ಬ ಕದ್ದರೆ ಅವರಿಗೆ ಗೊತ್ತೂ ಆಗಲ್ಲ ಅನ್ನೋದು ಅವನ ವಾದ. ಎಲ್ಲರೂ ದೊಡ್ಡವರಲ್ಲ, ಮನೆಯಲ್ಲೇ ಕೂತು ವರ್ಷಗಟ್ಟಲೆ ಕಷ್ಟಪಟ್ಟು ಮಾಡುವವರೂ ಇದ್ದಾರೆ, ನಕಲಿನ ಹೊಡೆತಕ್ಕೆ ಕೆಲಸ ಬಿಟ್ಟವರೂ ಇದ್ದಾರೆ ಅಂತ ಅವಳು ಹೇಳಿದಳು. ಮಾಡಿದವರೇ ಪುಕ್ಕಟೆ ಕೊಡುವ ಒಳ್ಳೆಯ ಸಾಫ್ಟ್‌ವೇರ್ ಇದೆ, ನಾನೇ ಕಲಿಸ್ತೀನಿ ಅಂದಳು. ಆಮೇಲೆ ನೋಡೋಣ ಅಂತ ವೈಸೆಯಾ ಬಟ್ಟಲನ್ನು ಅವಳ ಕಡೆ ಸರಿಸಿದ.

ಆ ವರ್ಷ ಅವನು ಕಂದವು ದ್ವೀಪದ ತನ್ನ ಹಳ್ಳಿಗೆ ಮತ್ತೆ ಮತ್ತೆ ಹೋದ. ಅಲ್ಲಿ ಅವನಿಗೆ ದೊಡ್ಡಜ್ಜಿಯಾಗಬೇಕಾದ ಅಕನೀಸಿ ಇದ್ದಳು. ಕಡಲಿಗೆ ಹೋಗಿ ತಿರುಗಿ ಬಾರದವರಿಗಾಗಿ ಹಾಡುವ ಹಳೆಯ ಹಾಡು ಅವಳೊಬ್ಬಳಿಗೇ ಪೂರ್ತಿ ಬರುತ್ತಿತ್ತು. ಎದೆ ಸೋತಿತ್ತು. ವೈಸೆಯಾ ರೆಕಾರ್ಡ್ ಮಾಡುವಾಗ ಒಂದು ಸಾಲು ಹಾಡುವಳು, ಕೆಮ್ಮುವಳು, ನೀರು ಕುಡಿದು ಮುಂದಿನ ಸಾಲು ಹಿಡಿಯುವಳು. ಊರಿನ ಹೆಂಗಸರು ಕಲಿಯೋಕೆ ಪಕ್ಕದಲ್ಲಿ ಕೂತರು. ಅಜ್ಜಿಗೆ ಆಯಾಸ ಮಾಡಬೇಡಿ, ಎಲ್ಲ ಇದರಲ್ಲಿದೆ, ನಿಧಾನಕ್ಕೆ ಕಲಿಯಿರಿ ಅಂತ ವೈಸೆಯಾ ಯಂತ್ರ ತೋರಿಸಿದ. ಅವರೂ ನಂಬಿ ಎದ್ದು ತೋಟದ ಕೆಲಸಕ್ಕೆ ಹೋದರು.

ಅಕನೀಸಿ ಅಜ್ಜಿ ತೀರಿಕೊಂಡಳು. ಸೂತಕ ಬಿಡುವ ದಿನ ಅವಳ ದನಿಯನ್ನೇ ಊರಿಗೆಲ್ಲ ಕೇಳಿಸಬೇಕು ಅಂತ ಹಿರಿಯರು ನಿರ್ಧರಿಸಿದರು. ವೈಸೆಯಾ ರೆಕಾರ್ಡ್ ಯಂತ್ರವನ್ನು ಖಾಲಿ ಮಾಡಿ ಹಾಡನ್ನೆಲ್ಲ ತುಂಬಿಸಿಟ್ಟಿದ್ದ ಕಂಪ್ಯೂಟರ್ ತೆರೆದ. ಒಂದು ಫೈಲೂ ತೆರೆಯಲಿಲ್ಲ. ಎಲ್ಲಕ್ಕೂ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ತೆಗೆಯುತ್ತೇವೆ ಅಂತ ಪರದೆ ಮೇಲೆ ಇಂಗ್ಲಿಷಿನಲ್ಲಿ ಬರೆದಿತ್ತು. ಇನ್ನೊಂದು ಪ್ರತಿ ಇಟ್ಟಿದ್ದ ಡಿಸ್ಕ್ ಯಾವಾಗಲೂ ಅದೇ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದಕ್ಕೂ ಬೀಗ ಬಿದ್ದಿತ್ತು.

ವಿಲಿಮೈನಾ ಬಂದು ನೋಡಿದಳು. ತಿಳಿದವರ ಹತ್ತಿರ ಡಿಸ್ಕ್ ಒಯ್ದಳು. ಕಳ್ಳ ಪ್ರತಿಯ ಜೊತೆ ಬಂದ ವೈರಸ್ಸೇ ಇದು, ಇಷ್ಟು ದಿನ ಒಳಗೆ ಸುಮ್ಮನೆ ಕೂತಿತ್ತು ಅಂದರಂತೆ. ಹಣ ಕೊಟ್ಟರೂ ಬೀಗ ತೆಗೆಯುವ ನಂಬಿಕೆ ಇಲ್ಲವಂತೆ.

"ಒಂದು ಸಾಲಾದ್ರೂ ಸಿಗಲ್ವಾ, ವಿಲಿ?"

"ಇಲ್ಲ ಭಾವ."

ಅವತ್ತು ಅವಳು ಕಾಲೆಳೆಯಲಿಲ್ಲ.

ತಪ್ಪೊಪ್ಪಿಕೊಳ್ಳುವಾಗ ಕೊಡುವ ನಮ್ಮ ಪದ್ಧತಿಯಂತೆ ಅವನು ಯಂಗೋನ ಬೇರಿನ ಕಟ್ಟು ಹಿಡಿದು ಹಳ್ಳಿಗೆ ದೋಣಿ ಹತ್ತಿದ. ಊರಿನವರ ಮುಂದೆ ಅದನ್ನಿಟ್ಟು, ತಲೆ ತಗ್ಗಿಸಿ, ಆದದ್ದನ್ನೆಲ್ಲ ಹೇಳಿ ಕ್ಷಮೆ ಕೇಳಿದ. ಹಿರಿಯ ಕಮಿನಿಯೆಲಿ ಬಹಳ ಹೊತ್ತು ಆ ಬೇರನ್ನು ಮುಟ್ಟಲಿಲ್ಲ. ಕೊನೆಗೆ ಕ್ಷಮಿಸಿದ ಗುರುತಾಗಿ ಕೈಗೆತ್ತಿಕೊಂಡು ಹೇಳಿದ: "ನಿನ್ನ ತಪ್ಪನ್ನ ನಾವು ಹೊತ್ಕೊಂಡ್ವಿ, ಮಗಾ. ಹಾಡನ್ನ ಯಾರು ಹೊತ್ಕೊಳ್ತಾರೆ?"

ಸೂತಕ ಬಿಡುವ ದಿನ ಹೆಂಗಸರು ನೆನಪಿದ್ದಷ್ಟು ಹಾಡಿದರು. ನಡುವಿನ ಒಂದು ಪದ್ಯಕ್ಕೆ ಬಂದಾಗ ಒಬ್ಬಳು ಒಂದು ಮಾತು ಎತ್ತಿದಳು, ಇನ್ನೊಬ್ಬಳು ಅದಲ್ಲ ಅಂದಳು. ಮುಂದಕ್ಕೆ ಯಾರಿಗೂ ಬರಲಿಲ್ಲ. ಅಜ್ಜಿಯ ಮಗಳು ಚಾಪೆಯಿಂದ ಎದ್ದು ಹೊರಗೆ ಹೋದಳು.

ಈಗ ವೈಸೆಯಾ ವಿಲಿಮೈನಾ ಕಲಿಸಿದ ಪುಕ್ಕಟೆ ಸಾಫ್ಟ್‌ವೇರಿನಲ್ಲೇ ಕೆಲಸ ಮಾಡುತ್ತಾನೆ. ಸುತ್ತಲಿನ ಹಾಡುಗಾರರು, ವಿಡಿಯೊ ಮಾಡುವವರು ಅವನ ಜೊತೆ ಸೇರಿದ್ದಾರೆ. ನಮ್ಮ ದ್ವೀಪಗಳ ದುಡಿಮೆಗೆ ತಕ್ಕ ಬೆಲೆ ಇಡಿ ಅಂತ ತಯಾರಕರನ್ನು ಒಟ್ಟಾಗಿ ಕೇಳಿದ್ದಾರೆ. ಒಂದು ಸಣ್ಣ ಕಂಪನಿ ಒಪ್ಪಿ ಬೆಲೆ ಇಳಿಸಿತು. ದೊಡ್ಡವರು ಇನ್ನೂ ಉತ್ತರಿಸಿಲ್ಲ. ಇವರು ಕೇಳುವುದನ್ನು ಬಿಟ್ಟಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ಕಂಪ್ಯೂಟರಿನಲ್ಲೂ ಇಂಥ ಕಳ್ಳ ಪ್ರತಿ ಇದ್ದರೆ ತಿಳಿದವರನ್ನು ಕರೆದು ಇವತ್ತೇ ತೆಗೆಸಿ. ಬೆಲೆ ಹೆಚ್ಚಾಯಿತೇ? ನಾಲ್ಕು ಜನ ಕೂಡಿ ಬಾಯಿಬಿಟ್ಟು ಕೇಳಿ. ಅಲ್ಲಿಯವರೆಗೆ ಪುಕ್ಕಟೆ ಕೊಡುವವರದ್ದನ್ನು ಬಳಸಿ. ಮುಖ್ಯವಾದದ್ದರ ಇನ್ನೊಂದು ಪ್ರತಿಯನ್ನು ಬೇರೆ ಮನೆಯಲ್ಲಿಡಿ. ನಿಮ್ಮ ಕೆಲಸ ಯಾರಾದರೂ ಕದ್ದರೆ ಹೊಟ್ಟೆ ಉರಿಯುತ್ತದಲ್ಲ? ಸಾಫ್ಟ್‌ವೇರ್ ಮಾಡಿದವರಿಗೂ ಹೊಟ್ಟೆ ಇದೆ.