ಹೋಲಿಕೆಯ ಮಿದುಳು

ದೇವರು ತಲೆಬುರುಡೆಯೊಳಗೂ ಕಾವಲಿಟ್ಟಿದ್ದಾನೆ. ಮಿದುಳಿನಲ್ಲಿ ಪುಟ್ಟ ರಕ್ಷಕ ಕೋಶಗಳಿವೆ. ಕಸ ಗುಡಿಸುತ್ತವೆ, ಒಳನುಗ್ಗಿದ್ದನ್ನು ನುಂಗುತ್ತವೆ. ಆಲ್ಜೈಮರ್ ಎಂಬ ಮರೆವಿನ ಕಾಯಿಲೆಯಲ್ಲಿ ಅವೇ ಕೆರಳಿ, ಕಸದ ಜೊತೆಗೆ ನರಗಳ ನಂಟನ್ನೂ ತಿಂದುಹಾಕುತ್ತವೆ. ಹಾಗೆ ಕೆರಳಿದ ಕೋಶಗಳು ಸ್ಕ್ಯಾನಿನಲ್ಲಿ ಕೆಂಡದಂತೆ ಹೊಳೆಯುವುದನ್ನು ಆಸ್ಪತ್ರೆಯಲ್ಲಿ ಅಳೆಯುವುದೇ ಇಬ್ಬರು ಅಕ್ಕತಂಗಿಯರಲ್ಲಿ ಅಕ್ಕನ ಕೆಲಸ. ಅವರ ತಾಯಿ ಅದೇ ಕಾಯಿಲೆಯಲ್ಲಿ ಹೆತ್ತ ಮಕ್ಕಳ ಗುರುತೂ ಹತ್ತದೆ ಕಣ್ಣು ಮುಚ್ಚಿದವರು.

ಅಳೆಯಲು ಒಂದು ಆರೋಗ್ಯವಂತ ಮಿದುಳು ಬೇಕು. ಅದನ್ನು ಸೊನ್ನೆಯೆಂದಿಟ್ಟು, ಉಳಿದವು ಅದಕ್ಕಿಂತ ಎಷ್ಟು ಹೆಚ್ಚು ಹೊಳೆಯುತ್ತವೆಂದು ಹೋಲಿಸುತ್ತಾರೆ. ಹೊಸ ಯಂತ್ರ ಬಂದಾಗ ಅಕ್ಕ, ಬಟ್ಟೆ ಹೊಲಿಯುವ ತಂಗಿಯನ್ನೇ ಎಳೆದು ತಂದಿದ್ದಳು.

"ನನ್ನ ತಲೇಲಿ ಏನಿರತ್ತೆ ಅಕ್ಕಾ? ಬರೀ ದಾರದ ಗಂಟು."

"ಹಾಗಾದ್ರೆ ಇನ್ನೂ ಸುಲಭ. ಬಾಯಿ ಮುಚ್ಕೊಂಡು ಮಲಗೇ."

ತನ್ನ ತಂಗಿಗೆ ಏನಾದೀತು ಎಂಬ ನೆಚ್ಚಿಕೆಯಲ್ಲಿ, ಆ ಚಿತ್ರವನ್ನು ತೆರೆದೂ ನೋಡದೆ ಸೊನ್ನೆಯ ಜಾಗಕ್ಕೆ ಹಾಕಿಬಿಟ್ಟಳು.

ಆಮೇಲೆ, ಹೊಸ ಔಷಧಿಯ ಪರೀಕ್ಷೆಗೆ ಬಂದ ರೋಗಿಗಳ ಚಿತ್ರವೆಲ್ಲ ತಣ್ಣಗೆ, ಬೂದಿ ಮುಚ್ಚಿದಂತೆ. ಔಷಧಿ ನಾಟಿತು ಎಂದು ಪರೀಕ್ಷೆ ನಡೆಸುತ್ತಿದ್ದ ಡಾಕ್ಟರು ಹಿಗ್ಗಿ ಹೀರೇಕಾಯಿಯಾದರು. ಇಂದು ಬೆಳಿಗ್ಗೆ, ಕಟ್ಟಿಕೊಂಡ ಹೆಂಡತಿಯನ್ನೇ ಯಾರೆಂದು ಕೇಳುತ್ತಿದ್ದ ಮುದುಕರೊಬ್ಬರ ಚಿತ್ರವೂ ತಣ್ಣಗೇ ಬಂತು.

"ಇವರಿಗೆ ಔಷಧಿ ಇನ್ನೂ ಶುರುವೇ ಆಗಿಲ್ವಲ್ಲ ಡಾಕ್ಟ್ರೇ?" ಎಂದಳು ಅಕ್ಕ.

ಡಾಕ್ಟರ ನಗು ಅರ್ಧಕ್ಕೇ ನಿಂತಿತು. "ಸೊನ್ನೆ ಅಂತ ಇಟ್ಟಿರೋದು ಯಾರದಮ್ಮಾ?"

"ನನ್ನ ತಂಗೀದು," ಎಂದಳು ಅಕ್ಕ. ಬೇರೊಬ್ಬ ಆರೋಗ್ಯವಂತರ ಚಿತ್ರವನ್ನು ಆ ಜಾಗಕ್ಕಿಟ್ಟಳು. ಮುದುಕರ ಮಿದುಳು ಭಗ್ಗನೆ ಹೊತ್ತಿಕೊಂಡಿತು. ಭಗವಂತಾ ಎನ್ನುತ್ತ ತಂಗಿಯದನ್ನು ತೆರೆದಳು. ಕಿವಿಯ ಒಳಬದಿಯಿಂದ ಹಿಂದಲೆಯವರೆಗೂ ಕೆಂಡ. ಕಾವಲಿನವರು ಸದ್ದಿಲ್ಲದೆ ಮನೆಯನ್ನೇ ತಿನ್ನತೊಡಗಿದ್ದರು.

"ಹೋಲಿಕೆಗೆ ಬಂದವರಿಗೆ ಏನನ್ನೂ ಹೇಳೋ ಹಾಗಿಲ್ಲ," ಎಂದರು ಡಾಕ್ಟರು ತಗ್ಗಿದ ದನಿಯಲ್ಲಿ. "ಅದಕ್ಕೆ ಒಪ್ಪಿ ಅವರೇ ಸಹಿ ಹಾಕಿದ್ದಾರೆ. ವಾಸಿ ಮಾಡೋ ದಾರಿ ಇಲ್ದೆ ಹೆದರಿಸಿ ಏನು ಪ್ರಯೋಜನ?"

"ಎಲ್ಲಿ ಸಹಿ ಅಂತ ಬೆರಳಿಟ್ಟು ತೋರಿಸಿದವಳು ನಾನು ಡಾಕ್ಟ್ರೇ."

ಪಡಸಾಲೆಗೆ ಬಂದು ಫೋನು ಹಚ್ಚಿದಳು. ಆ ಕಡೆ ಹೊಲಿಗೆಯ ಯಂತ್ರ ಗಡಗಡಿಸುತ್ತಿತ್ತು.

"ಏನಕ್ಕಾ, ಕೆಲಸದ ಹೊತ್ತಲ್ಲಿ ನನ್ನ ನೆನಪು?"

"ಅಂಗಡಿ ಬೇಗ ಮುಚ್ಚು ಪುಟ್ಟಿ. ನಾನು ಬರ್ತೀನಿ, ಸ್ವಲ್ಪ ಮಾತಾಡ್ಬೇಕು."

ಯಂತ್ರದ ಸದ್ದು ನಿಂತಿತು.

"ಅಮ್ಮಂದೇನಾ?" ಎಂದಳು ತಂಗಿ. "ಮೊನ್ನೆಯಿಂದ ಅಳತೆ ತಗೊಂಡ ಬಟ್ಟೇನೇ ಮತ್ತೆ ಅಳೀತಿದೀನಿ ಕಣೇ. ನಿಂಗೆ ಹೇಳೋಕೆ ಹೆದರಿಕೆ ಆಗಿತ್ತು."

ಬಾಗಿಲಲ್ಲಿ ಡಾಕ್ಟರು ಬೇಡವೆಂದು ತಲೆಯಾಡಿಸುತ್ತ ನಿಂತಿದ್ದರು. ಅಕ್ಕ ಅವರಿಗೆ ಬೆನ್ನು ಮಾಡಿ ಗೋಡೆಗೆ ಒರಗಿದಳು.

"ಹೂಂ," ಎಂದಳು. "ಅಮ್ಮಂದೇ."