ಅಳ್ಳಾಡಿದವ್ರು ಯಾರು?

ನನ್ನ ಬಾಯಿಗೆ ಒಂದು ಮಾತು ಅಂಟಿಕೊಂಡೇತ್ರಿ. "ಅಳ್ಳಾಡಬ್ಯಾಡ್ರಿ." ಮದಿವಿ ಇರ್ಲಿ, ಕುಬಸ ಇರ್ಲಿ, ಪಾಸ್‌ಪೋರ್ಟ್ ಸೈಜಿನ ಫೋಟೋ ಇರ್ಲಿ, ಮೊದಲ ಅದನ್ನ ಅಂತೀನಿ. ಫೋಟೋ ಮಸುಕು ಬಂತು ಅಂತ ಯಾರರ ಜಗಳಕ್ಕ ಬಂದ್ರ, "ನೀವ ಅಳ್ಳಾಡೀರಿ, ನಾ ಏನ್ ಮಾಡ್ಲಿ?" ಅಂತ ಅವರ ಬಾಯಿ ಮುಚ್ಚಸ್ತೀನಿ. ಗುಡಗೇರ್ಯಾಗ ಸ್ಟುಡಿಯೊ ಇಟ್ಟಾಗಿಂದ ಈ ಮಾತಿಗೆ ಎದುರಾಡಿದಾವ್ರು ಒಬ್ರೂ ಇಲ್ಲ. ಸಂತ್ಯಾಗ ಹುಡುಗ್ರು ನನ್ನ ಕಂಡ್ರ ಕಲ್ಲಾಗಿ ನಿಂತು ಚಾಷ್ಟಿ ಮಾಡ್ತಾವು. ಮಾಡ್ಲಿ ಬಿಡ್ರಿ, ಹೆಸರರ ಆಗೇತಲ್ಲ.

ಆವತ್ತು ಮಧ್ಯಾಹ್ನ ಅಂಗಡ್ಯಾಗ ಒಂದು ಕೂಸಿನ ಫೋಟೋ ತಗಿಯಾಕ ಹತ್ತಿದ್ದೆ. ಕೂಸು ಒಂದ ಸವನ ಚೀರತಿತ್ತು. ಅದರಾಗ ಫೋನ್ ಬಂತು. ಈರಬಸಪ್ಪ ಕಾಕಾನ ಮಗಳು ಐಶ್ವರ್ಯ.

"ಮೈಲಾರಿ ಅಣ್ಣಾ, ನೀವು ಕಳಿಸಿದ ಫೋಟೋ ದೊಡ್ಡದು ಮಾಡಿ ನೋಡಿದ್ನಿ. ಒಂದು ನಮೂನಿ ಮಸುಕು ಬಂದೇತ್ರಿ. ಕಣ್ಣಿನ ರೆಪ್ಪಿ ಎರಡೆರಡು ಕಾಣತಾವು. ಯಾಕ್ರಿ ಹಂಗ?"

ಯಾವ ಫೋಟೋ, ಯಾರದು, ಏನೂ ಕೇಳಲಿಲ್ಲ ನಾ. ಕೂಸಿನ ಮುಂದ ಗಿಲಕಿ ಅಲ್ಲಾಡಿಸ್ಕೋತ, "ಕುಂತಾವ್ರು ಅಳ್ಳಾಡ್ಯಾರವಾ. ಕ್ಯಾಮೆರಾದ್ದೇನೂ ತಪ್ಪಿಲ್ಲ, ಹೊಸಾದೈತಿ," ಅಂದ್ಬಿಟ್ಟೆ.

ಆ ಕಡೆಯಿಂದ ಹೆಂಗಸೊಬ್ಬಾಕಿ ಚೀರಿದ್ದು ಕೇಳಿಸ್ತು. ಆಮ್ಯಾಲ ಐಶ್ವರ್ಯ ಅಂದ್ಲು, "ಅಣ್ಣಾ, ಅದು ನಮ್ಮ ಆಯಿ ಫೋಟೋರಿ."

ಆಯಿ ಅಂದ್ರ ಶಿವಗಂಗವ್ವ, ಈರಬಸಪ್ಪ ಕಾಕಾನ ತಾಯಿ. ಹಿಂದಿನ ದಿನ ಮುಂಜಾನೆ ತೀರಿಕೊಂಡಿದ್ಲು. ಪಡಸಾಲ್ಯಾಗ ಕಂಬಕ್ಕ ಆನಿಸಿ ಕುಂದ್ರಿಸಿ, ಹಣಿ ತುಂಬ ವಿಭೂತಿ ಹಚ್ಚಿ, ಹೂವಿನ ಮಾಲಿ ಹಾಕಿ, ಮಣ್ಣಿಗೆ ಒಯ್ಯೂಕಿಂತ ಮೊದಲ ಕಡೀ ಫೋಟೋ ತಗಸಿದ್ರು. ತಗದಾವ ನಾನ. ಅಂದ್ರ ನಾ ಈಗ ಏನಂದೆ? ಸತ್ತಾಕಿ ಅಳ್ಳಾಡ್ಯಾಳ ಅಂದೆ. ಅದೂ ಸ್ಪೀಕರ್ ಹಚ್ಚಿದ ಫೋನಿನ್ಯಾಗ, ಮನಿ ಮಂದಿ ಎಲ್ಲಾ ಕೇಳೂವಂಗ! ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು ಅಂತಾರಲ್ರಿ, ಹಂಗ ಆತು.

"ಅಪ್ಪಾ ನೆಲ ಅಗಿಯೂ ಹಾರಿ ಹುಡುಕಾಕ ಹತ್ಯಾರ್ರಿ ಅಣ್ಣಾ," ಅಂದ್ಲು ಹುಡುಗಿ. "ಹೊಲಕ್ಕ ಹೋಗಿ ಆಯೀನ ಮಣ್ಣಿಂದ ಹೊರಗ ತಗಿತೀನಿ ಅನ್ನಾಕ ಹತ್ಯಾರ. ಲಗೂನ ಬರ್ರಿ."

ಕೂಸು, ಕೂಸಿನ ಅವ್ವ, ಇಬ್ಬರನ್ನೂ ಅಲ್ಲೇ ಬಿಟ್ಟೆ. ಕ್ಯಾಮೆರಾ ಚೀಲಾ, ಸ್ಟ್ಯಾಂಡು ಹೆಗಲಿಗೆ ಹಾಕ್ಕೊಂಡು ಗಾಡಿ ಹತ್ತಿದೆ. ದಾರ್ಯಾಗ ನನ್ನ ನಾಲಿಗಿಗೆ ನಾನ ಬೈಕೋತ ಹೋದೆ.

ಹೋಗಿ ನೋಡ್ತೀನಿ, ಅಂಗಳದ ತುಂಬ ಮಂದಿ. ನಡುವ ಈರಬಸಪ್ಪ ಕಾಕಾ, ಕೈಯಾಗ ಹಾರಿ ಹಿಡಕೊಂಡು. ಗುಡಗೇರಿ ಅಡತಿಯೊಳಗ ಕಡ್ಲಿ ಜ್ವಾಳದ ವ್ಯಾಪಾರ ಮಾಡೂ ಗಟ್ಟಿ ಆಳು ಅಂವ. ಹಿಂದಿನ ದಿನ ಅವ್ವಗ ಮಣ್ಣು ಕೊಡೂ ಮುಂದ ಸೈತ ಕಣ್ಣಾಗ ಒಂದು ಹನಿ ನೀರು ತಂದಿದ್ದಿಲ್ಲ. "ನಡೀರಿ, ನಡೀರಿ, ಹೊತ್ತು ಮುಳಗತೈತಿ," ಅಂತ ಎಲ್ಲಾರನ್ನೂ ಅವಸರ ಮಾಡಿದಾವ ಅವನ. ಈಗ ನೋಡಿದ್ರ ಮಾರಿ ಸುಣ್ಣ ಹಚ್ಚಿದಂಗ ಬೆಳ್ಳಗಾಗಿತ್ತು.

"ಬಂದೇನಲೇ ಮೈಲಾರಿ? ಬಾ. ಎಲ್ಲಾರ ಮುಂದ ಹೇಳು. ನಮ್ಮವ್ವ ಅಳ್ಳಾಡಿದ್ಲೇನು?"

"ಇಲ್ರಿ ಕಾಕಾ, ಬಾಯಿ ತಪ್ಪಿ ಬಂತ್ರಿ ಆ ಮಾತು."

"ಬಾಯಿ ತಪ್ಪಿ? ಬ್ಯಾಂಕಿನ ಫೋಟೋಕ್ಕ ನನ್ನ ಮ್ಯಾಲಿಂದ ಮ್ಯಾಲೆ ಕುಂದ್ರಿಸಿ, 'ಕಾಕಾ ಅಳ್ಳಾಡಿದ್ರಿ, ಮಸುಕು ಬಂತು' ಅಂದಾವ ಯಾರಲೇ? ಅಳ್ಳಾಡಿದ್ರ ಮಸುಕು ಬರತೈತಿ ಅಂತ ಊರಿಗೆಲ್ಲಾ ಕಲಿಸಿದಾವ ನೀನ. ಈಗ ಮಸುಕು ಬಂದೇತಿ. ಮತ್ತ?"

ನಾ ಕ್ಯಾಮೆರಾ ಚೀಲಾ ಕೆಳಗಿಟ್ಟೆ.

"ಡಾಕ್ಟರ್ ಬಂದಿದ್ದಿಲ್ಲ," ಅಂದ ಕಾಕಾ. ಈಗ ಅವನ ದನಿ ಇಳೀತು. "ಮೂಗಿನ ಮುಂದ ಬಟ್ಟು ಹಿಡದು ನೋಡಿದಾವ ನಾನ. ಅವ್ವ ಹೋದ್ಲು ಅಂದಾವ ನಾನ. ಅವಸರ ಮಾಡಿದಾವ್ನೂ ನಾನ. ಜೀವ ಇದ್ದಾಕೀನ ಮಣ್ಣಾಗ ಕುಂದ್ರಿಸಿ ಬಂದೆನೇನೋ ಯಪ್ಪಾ!"

ಹೆಣ್ಮಕ್ಕಳು ಬಾಯಿ ಬಾಯಿ ಬಡ್ಕೊಂಡ್ರು. ಐಶ್ವರ್ಯ ಬಂದು ಫೋನ್ ನನ್ನ ಕೈಯಾಗ ಇಟ್ಲು. ಫೋಟೋದಾಗ ಶಿವಗಂಗವ್ವನ ಮಾರಿ ದೊಡ್ಡದು ಮಾಡಿದ್ಲು. ಮುಚ್ಚಿದ ಕಣ್ಣಿನ ಗೆರಿ ಒಂದಲ್ಲ, ಎರಡು, ಒಂದರ ಮ್ಯಾಲೊಂದು. ಕಣ್ಣು ಈಗ ತೆರದಾಳು, ಈಗ ತೆರದಾಳು ಅನ್ನೂವಂಗ. ತುಟಿನೂ ಹಂಗ, ಏನೋ ಅನ್ನಾಕ ಹೊಂಟಂಗ. ನಾನು ಕ್ಯಾಮೆರಾ ಕೈಯಾಗ ಹಿಡಿದಿದ್ದಿಲ್ಲ, ಸ್ಟ್ಯಾಂಡಿಗೆ ಕುಂದ್ರಿಸಿದ್ದೆ. ಅಂದ್ರ ನಾ ನಡಗಿಲ್ಲ. ನಾ ನಡಗಿಲ್ಲಂದ್ರ ಅಳ್ಳಾಡಿದವ್ರು ಯಾರು? ಖರೆ ಹೇಳ್ತೀನ್ರಿ, ಆ ಹೊತ್ತಿನ್ಯಾಗ ನಾನೂ ನಂಬಿಬಿಟ್ಟೆ.

ತಡಕೊಳ್ಳಾಕ ಆಗದ, ಹುಬ್ಬಳ್ಳಿ ಫಯಾಜ್‌ಗ ಫೋನ್ ಹಚ್ಚಿದೆ. ಕ್ಯಾಮೆರಾ ರಿಪೇರಿ ಮಾಡಾವ, ನನ್ನ ದೋಸ್ತ. ಕಾಕಾ ಬಿಡಲಿಲ್ಲ. "ಸ್ಪೀಕರ್ ಹಚ್ಚು. ನನಗೂ ಕೇಳಬೇಕು," ಅಂದ.

ಫಯಾಜ್ ಒಂದೊಂದ ಕೇಳಿದ. ಸ್ಟ್ಯಾಂಡ್ ಮ್ಯಾಲೆ ಇತ್ತೇನು? ಇತ್ತು. ಫ್ಲ್ಯಾಶ್? ಸತ್ತಾಕಿ ಮಾರಿಗೆ ಫ್ಲ್ಯಾಶ್ ಹೊಡಿಬ್ಯಾಡ ಅಂದ್ರು ಹಿರೇರು, ಹೊಡದಿಲ್ಲ. ಸ್ಪೀಡು? ಸೆಕೆಂಡಿನ ನೂರಾ ಇಪ್ಪತ್ತೈದನೇ ಪಾಲು. ಮತ್ತ ಶಟರ್ ಯಾವುದಕ್ಕ ಇಟ್ಟಿದ್ದಿ?

"ಮೆಕ್ಯಾನಿಕಲ್‌ಗ," ಅಂದೆ. "ಎಲೆಕ್ಟ್ರಾನಿಕ್‌ಗ ಇಟ್ರ ಎಲ್‌ಇಡಿ ಬಲ್ಬಿನ ಬೆಳಕಿನ್ಯಾಗ ಫೋಟೋದ ಮ್ಯಾಲೆ ಪಟ್ಟಿ ಪಟ್ಟಿ ಬೀಳತಾವು. ಒಂದು ಮದಿವ್ಯಾಗ ಬೈಸ್ಕೊಂಡಾಗಿಂದ ಹಂಗ ಇಟ್ಟೀನಿ."

"ಅರೆ ಭಾಯ್, ಹಂಗಾರ ಇದು ಶಟರ್ ಶಾಕ್!" ಅಂದ ಫಯಾಜ್, ಅಗದಿ ಖುಷಿಲೆ.

ಅಷ್ಟ. ಕಾಕಾನ ಕೈಯಾಗಿನ ಹಾರಿ ಖಣ್ ಅಂತ ಫರಸಿ ಮ್ಯಾಲೆ ಬಿತ್ತು. ಎರಡೂ ಕೈಲೆ ನನ್ನ ಅಂಗಿ ಹಿಡದ.

"ನಮ್ಮವ್ವಗ ಶಾಕ್ ಕೊಟ್ಟೇನಲೇ? ಸತ್ತಾಕಿಗೆ ಕರೆಂಟ್ ಹಿಡಿಸಿದೇನು?"

"ಇಲ್ರಿ ಕಾಕಾ! ಅಂಗಿ ಬಿಡ್ರಿ!"

ಕಟ್ಟಿ ಮ್ಯಾಲೆ ಕುಂತಿದ್ದ ಗೌರೀಶಪ್ಪಜ್ಜ, ಕಾಕಾನ ಚಿಕ್ಕಪ್ಪ, ತಲಿ ಅಲ್ಲಾಡಿಸಿ ಅಂದ, "ಟಿವ್ಯಾಗ ತೋರಸ್ತಾರಲ್ಲೋ. ಎದಿಗೆ ಶಾಕ್ ಹಚ್ಚಿದ್ರ ಹೋದ ಜೀವ ಹೊಳ್ಳಿ ಬರತೈತಿ. ದವಾಖಾನ್ಯಾಗ ಹಂಗ ಮಾಡ್ತಾರ."

ಯಜ್ಜಾ, ನಿನ್ನ ಬಾಯಾಗ ಮಣ್ಣು ಹಾಕ! ಮುಗೀತು. ಮಂದಿ ಎಲ್ಲಾ ನನ್ನ ಕ್ಯಾಮೆರಾ ಚೀಲಾ ನೋಡಿ ಹಿಂದಕ ಸರದ್ರು. ಒಬ್ಬಾಕಿ ತನ್ನ ಕೂಸಿನ್ನ ಎತ್ತಿ ಬಗಲಾಗ ಇಟ್ಕೊಂಡ್ಲು.

ಫೋನಿನ್ಯಾಗಿಂದ ಫಯಾಜ್ ಒದರಿದ, "ಯಾ ಅಲ್ಲಾ! ಶಾಕ್ ಹೊಡದಿದ್ದು ಕ್ಯಾಮೆರಾಕ್ಕ್ರೀ, ಅಮ್ಮಗಲ್ಲ! ಕರೆಂಟ್ ಅಲ್ರಿ ಅದು, ಧಕ್ಕಿ, ಧಕ್ಕಿ! ಕ್ಯಾಮೆರಾದ ಒಳಗ ಒಂದು ಸಣ್ಣ ಪಡದಾ ಇರ್ತೈತ್ರಿ, ಅದಕ್ಕ ಶಟರ್ ಅಂತಾರ. ನಿಮ್ಮ ಮನಿ ಬಾಗಲಾ ಧಡ್ ಅಂತ ಹಾಕಿ ಧಡ್ ಅಂತ ತಗದ್ರ ಗ್ವಾಡಿ ಝುಮ್ ಅನ್ನೂದಿಲ್ಲೇನ್ರಿ? ಹಂಗ ಆ ಪಡದಾ ಬಡದ ಧಕ್ಕಿಗೆ ಕ್ಯಾಮೆರಾ ತನ್ನಷ್ಟಕ್ಕ ತಾನ ನಡಗೇತಿ. ಹಗರ ಕ್ಯಾಮೆರಾ, ಹಗರ ಸ್ಟ್ಯಾಂಡು, ಅದರಾಗ ಆ ಸ್ಪೀಡ್ ಬ್ಯಾರೆ. ಜ್ವಾರ ಸ್ಪೀಡಿನ್ಯಾಗ ಇಟ್ಟಿದ್ರ ಗೊತ್ತ ಆಗ್ತಿದ್ದಿಲ್ಲ."

ಕಾಕಾ ಅಂಗಿ ಬಿಟ್ಟ. ಆದ್ರ ನಂಬಲಿಲ್ಲ.

"ಕುಣೀಲಾರದ ಸೂಳಿ ನೆಲ ಡೊಂಕು ಅಂದ್ಲಂತ," ಅಂದ. "ಇಷ್ಟ ದಿವಸ ಮಂದಿ ಮ್ಯಾಲೆ ಹಾಕ್ತಿದ್ದಿ. ಇವತ್ತು ಸಿಕ್ಕೊಂಡಿ, ಕ್ಯಾಮೆರಾ ಮ್ಯಾಲೆ ಹಾಕ್ತಿ. ಹಾದಿ ಬಿಡು."

ಬಗ್ಗಿ ಹಾರಿ ತಗೊಂಡ. ನನಗೂ ಸಿಟ್ಟು ನೆತ್ತಿಗೇರ್ತು. ನಾ ಏನ್ ಕಮ್ಮಿ ಸಿಟ್ಟಿನಾವಲ್ರಿ. ಬಾಗಲದಾಗ ಅಡ್ಡ ನಿಂತೆ. "ಕಾಕಾ, ಹಾರಿ ಆಮ್ಯಾಲ. ಮೊದಲ ಈ ಫೋಟೋ ನೋಡ್ರಿ. ಮಾರಿ ನೋಡಬ್ಯಾಡ್ರಿ, ಮಾರಿ ಬಾಜೂಕ ನೋಡ್ರಿ. ನಿಮ್ಮ ಪಡಸಾಲಿ ಕಂಬದಾಗ ಮೊಳಿ ಎಷ್ಟ ಅದಾವ?"

"ಒಂದ. ಅವ್ವ ಜಪದ ಚೀಲಾ ಹಾಕ್ತಿದ್ಲು."

"ಫೋಟೋದಾಗ ಎಷ್ಟ ಅದಾವ? ನೋಡಿ ಹೇಳ್ರಿ."

ಚಸಮಾ ಏರಿಸಿ ನೋಡಿದ. ಫೋನು ಹತ್ರ ಹಿಡದ, ದೂರ ಹಿಡದ. ಒಳಗ ಹೋಗಿ ಕಂಬ ಮುಟ್ಟಿ ನೋಡಿ ಬಂದ. "ಎರಡು," ಅಂದ ಸಣ್ಣ ದನಿಲೆ. "ಒಂದರ ಮ್ಯಾಲೊಂದು."

"ಹಂಗಾರ ಕಂಬಾನೂ ಅಳ್ಳಾಡ್ತೇನ್ರಿ? ಮೊಳಿಗೂ ಜೀವ ಇತ್ತೇನು?"

ಗೌರೀಶಪ್ಪಜ್ಜ ಒಬ್ಬಾವ, "ಕಂಬ ಅಳ್ಳಾಡಿದ್ರ ಮನಿತನಕ್ಕ ಚಲೋ ಅಲ್ಲೋ," ಅನ್ನಾಕ ಹೋದ. ಐಶ್ವರ್ಯ ಅವನ ಬಾಯಿ ಮುಚ್ಚಿಸಿದ್ಲು.

"ಇನ್ನೂ ನಂಬಿಕಿ ಇಲ್ಲಂದ್ರ ಇಲ್ಲೇ ತೋರಸ್ತೀನಿ," ಅಂದೆ. ಅಂಗಳದ ಮೂಲ್ಯಾಗ ಬೀಸೂಕಲ್ಲು ಇತ್ತು. "ನಿಮ್ಮ ಕೈಲೇನ ಅದಕ್ಕ ವಿಭೂತಿ ಎಳೀರಿ ಕಾಕಾ. ಆಮ್ಯಾಲ ಕಲ್ಲು ಅಳ್ಳಾಡ್ಸಿದ್ಯೋ ಅನ್ನಬ್ಯಾಡ್ರಿ ನನಗ."

ಕಾಕಾ ಕಲ್ಲಿಗೆ ಮೂರು ಬಟ್ಟಿಲೆ ಅಡ್ಡಕ ವಿಭೂತಿ ಎಳದ. ನಾ ನಿನ್ನಿ ಹ್ಯಾಂಗಿತ್ತೋ ಹಂಗ ಸ್ಟ್ಯಾಂಡ್ ಹೂಡಿದೆ. ಅದ ಸ್ಪೀಡು, ಅದ ಮೆಕ್ಯಾನಿಕಲ್ ಶಟರ್. ಬಟನ್ ಒತ್ತಿ ಕೈ ಸೈತ ದೂರ ಇಡಾಕಾಗ್ಲಿ ಅಂತ ಟೈಮರ್ ಇಟ್ಟೆ. ಕ್ಯಾಮೆರಾ ಕಟಕ್ ಅಂತು. ಕ್ಯಾಮೆರಾದ ಸ್ಕ್ರೀನ್ ಮ್ಯಾಲೆ ದೊಡ್ಡದು ಮಾಡಿ ತೋರಿಸಿದೆ. ವಿಭೂತಿಯ ಒಂದೊಂದು ಗೆರಿಗೂ ಎರಡೆರಡು ಅಂಚು. ಶಿವಗಂಗವ್ವನ ಕಣ್ಣಿನಂಗನ.

ಹೆಣ್ಮಕ್ಕಳು "ಶಿವಶಿವಾ" ಅಂದ್ರು.

ಆಮ್ಯಾಲ ಫಯಾಜ್ ಹೇಳಿದಂಗ ಒಂದ ಒಂದು ಸೆಟ್ಟಿಂಗ್ ಬದಲಿ ಮಾಡಿದೆ. ಶುರುವಿಗೆ ಪಡದಾ ಬಡಿಯೂದ ಬ್ಯಾಡ, ಆ ಕೆಲಸ ಎಲೆಕ್ಟ್ರಾನಿಕ್ ಮಾಡ್ಲಿ, ಫೋಟೋ ಮುಗಿಯೂ ಮುಂದ ಅಷ್ಟ ಪಡದಾ ಮುಚ್ಚಲಿ ಅನ್ನೂ ಸೆಟ್ಟಿಂಗು. ಮತ್ತ ತಗದೆ. ಈ ಸಲ ಗೆರಿ ಅಗದಿ ಚೊಕ್ಕ. ಕಲ್ಲಿನ ಚುಕ್ಕಿ ಚುಕ್ಕಿನೂ ಎಣಸಬಹುದಾಗಿತ್ತು.

ಕಾಕಾ ಎರಡೂ ಫೋಟೋ ಹಿಂದಕ ಮುಂದಕ ಮಾಡಿ ಮಾಡಿ ನೋಡಿದ.

"ಕಲ್ಲು ಅಳ್ಳಾಡಿಲ್ಲಲ್ಲ?"

"ನಿಮ್ಮ ಕಣ್ಣ ಮುಂದ ಐತಲ್ರಿ."

"ಹಂಗಾರ ಅವ್ವಾನೂ…"

"ಇಲ್ರಿ ಕಾಕಾ. ಅಳ್ಳಾಡಿಲ್ಲ."

"ಒಂಚೂರೂ?"

"ಒಂಚೂರೂ ಇಲ್ರಿ!" ಅಂದೆ, ಎದಿ ಉಬ್ಬಿಸಿ. ಗೆದ್ದೆ ಅನಿಸಿತ್ತು ನನಗ. ಸುತ್ತಲ ಮಂದಿ ಉಸಿರು ಬಿಟ್ರು. ಗೌರೀಶಪ್ಪಜ್ಜ ಎಲಿ ಅಡಕಿ ಸಂಚಿ ಬಿಚ್ಚಿದ. ಒಬ್ಬಾವ ಹಾರಿ ಎತ್ತಿ ಮೂಲ್ಯಾಗ ಇಟ್ಟ. ಇನ್ನ ಕಾಕಾನ ಜೀವ ತಣ್ಣಗಾಗತೈತಿ, ಒಂದು ಗುಟುಕು ಚಾ ಕುಡಿತಾನ ಅಂತ ಅವನ ಮಾರಿ ನೋಡಿದೆ. ಆ ಮಾರಿಯೊಳಗ ಸಮಾಧಾನ ಅನ್ನೂದ ಇದ್ದಿದ್ದಿಲ್ಲ. ಬೀಸೂಕಲ್ಲ ನೋಡ್ಕೋತ ನಿಂತಿದ್ದ. ಯಾಕಂತ ನನಗ ತಿಳೀಲಿಲ್ಲ.

ಅಷ್ಟರಾಗ ಅಡಿಗಿ ಮನಿಯಿಂದ ಅವನ ಹೆಂಡ್ತಿ ಸಾವಂತ್ರೆವ್ವ ಹೊರಗ ಬಂದ್ಲು. ಆಕಿ ಒಲಿ ಮುಂದ ಇದ್ಲಂತ, ನಾ ಬಂದ ಮ್ಯಾಲೆ ಇಲ್ಲಿ ಆಗಿದ್ದು ಏನೂ ಗೊತ್ತಿದ್ದಿಲ್ಲ. ಒಂದು ಕೈಯಾಗ ಸ್ಟೀಲಿನ ಡಬ್ಬಿ, ಇನ್ನೊಂದು ಕೈಯಾಗ ಮಡಚಿದ ಕೌದಿ.

"ಗಂಜಿ ಆತ್ರಿ," ಅಂದ್ಲು ಗಂಡಗ. "ನೀವು ಹೇಳಿದಂಗ ತೆಳ್ಳಗ ಮಾಡೀನಿ, ಅತ್ತ್ಯಾರಿಗೆ ನುಂಗಾಕ ಬರೂವಂಗ. ಬಿಸಿ ಐತಿ. ಕೌದಿನೂ ತಂದೀನಿ, ಅವರಿಗೆ ಹೊಚ್ಚಿ ಕರ್ಕೊಂಡು ಬರ್ರಿ. ಲಗೂ ಹೋಗ್ರಿ."

ಎಲಿಗೆ ಸುಣ್ಣ ಹಚ್ಚಾಕ ಹತ್ತಿದ್ದ ಅಜ್ಜನ ಬಟ್ಟು ಹಂಗ ನಿಂತ್ಬಿಡ್ತು. ಪಾಪಕ್ಕ ಅಂಜಿ ಮಣ್ಣು ತಗಿಯಾಕ ಹೊಂಟಾನ ಅಂತ ತಿಳಿದಿದ್ದೆ ನಾ. ಅಂವ ಅವ್ವನ್ನ ಮನಿಗೆ ಕರ್ಕೊಂಡು ಬರಾಕ ಹೊಂಟಿದ್ದ.

ಕಾಕಾ ಹೆಂಡ್ತಿ ಕೈಯಾಗಿನ ಡಬ್ಬಿ ನೋಡಿದ. ಬಿಸಿ ಹೊಗಿ ಏಳತಿತ್ತು. ಕೌದಿ ಮ್ಯಾಲೆ ಕೈ ಆಡಿಸಿದ.

"ಬ್ಯಾಡ, ಸಾವಂತ್ರಿ. ಒಳಗ ಇಡು. ಅವ್ವ ಸತ್ತಾಳ," ಅಂದ. "ಈಗ ಮೈಲಾರಿ ಹೇಳ್ದ."